ಇಂದಿನ ಧಮ್ಮ ಚಿಂತನೆ: ಕೂತಲ್ಲಿ ಕೂರದ ಮಗು

ಇಂದಿನ ವಿಚಾರ ಮಕ್ಕಳ ಗಮನದ ಬಗ್ಗೆ. ಭಾನುವಾರದ ಅಧ್ಯಯನ ಮುಗಿದು ಚಹಾ ಕುಡಿಯುವ ಹೊತ್ತಿಗೆ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸರ, ನಮ್ಮ ಹುಡುಗ ಒಂದ್ ಕಡೆ ಕೂಡಂಗಿಲ್ರಿ. ಪುಸ್ತಕ ತೆಗೀತಾನ, ಎರಡ್ ನಿಮಿಷಕ್ಕ ಎದ್ದು ಓಡ್ತಾನ. ಏನ್ ಮಾಡ್ಬೇಕ್ರಿ?" ದೇವದುರ್ಗದವರೂ ಇದನ್ನೇ ಕೇಳುತ್ತಾರೆ, ಮಾನ್ವಿಯವರೂ ಇದನ್ನೇ ಕೇಳುತ್ತಾರೆ, ರಾಯಚೂರಿನ ಬಡಾವಣೆಗಳಲ್ಲಿರುವ ನೌಕರ ಬಂಧುಗಳೂ ಇದನ್ನೇ ಕೇಳುತ್ತಾರೆ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವ ಮೇಷ್ಟ್ರು. ಆದರೆ ಈ ವಿಷಯದಲ್ಲಿ ವಿಜ್ಞಾನ ಕಂಡುಕೊಂಡಿರುವುದನ್ನು ನಮ್ಮ ಮನೆಗಳಿಗೆ ತಲುಪಿಸುವುದು ನನ್ನ ಕೆಲಸವೆಂದು ತಿಳಿದು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗಿದೆ, ಸಾವಧಾನದಿಂದ ಓದಿ.

*ಚೂಳಪಂಥಕನ ಬಟ್ಟೆ*

ಬುದ್ಧರ ಸಂಘದಲ್ಲಿ ಚೂಳಪಂಥಕನೆಂಬ ಭಿಕ್ಖು ಇದ್ದ. ನಾಲ್ಕು ತಿಂಗಳು ಕಲಿತರೂ ಒಂದು ಗಾಥೆ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಹೊಸ ಸಾಲು ಕಲಿತರೆ ಹಳೆಯ ಸಾಲು ಮರೆಯುತ್ತಿತ್ತು. ಸಂಘದಲ್ಲೇ ಇದ್ದ ಅವನ ಸ್ವಂತ ಅಣ್ಣ ಮಹಾಪಂಥಕ ಬೇಸತ್ತು, "ನೀನು ಇಲ್ಲಿಗೆ ತಕ್ಕವನಲ್ಲ, ಮನೆಗೆ ಹೋಗು" ಎಂದ. ವೈದ್ಯ ಜೀವಕನ ಮನೆಯ ಊಟಕ್ಕೆ ಭಿಕ್ಖುಗಳ ಲೆಕ್ಕ ಕೊಡುವಾಗ ತಮ್ಮನನ್ನು ಬಿಟ್ಟೇ ಲೆಕ್ಕ ಕೊಟ್ಟ.

ಅಳುತ್ತಾ ಹೊರಟಿದ್ದ ಚೂಳಪಂಥಕನನ್ನು ಬುದ್ಧರು ಬಾಗಿಲಲ್ಲೇ ತಡೆದರು. ಗಾಥೆಯನ್ನು ಮತ್ತೆ ಬಾಯಿಪಾಠ ಮಾಡಿಸಲಿಲ್ಲ. ಒಂದು ಶುಭ್ರ ಬಿಳಿ ಬಟ್ಟೆ ಕೊಟ್ಟು, ಒಂದು ಚಿಕ್ಕ ಮಾತು ಹೇಳಿಕೊಟ್ಟು, ಬಿಸಿಲಿಗೆ ಮುಖಮಾಡಿ ಕೂತು ಅದನ್ನು ಉಜ್ಜುತ್ತಾ ಇರು ಎಂದರು. ಉಜ್ಜಿದಂತೆ ಬಟ್ಟೆ ಮಾಸಿತು. ಅದನ್ನು ನೋಡುತ್ತಾ ಅವನು ಅನಿತ್ಯವನ್ನು ಅರಿತ. ಅತ್ತ ಜೀವಕನ ಮನೆಯಲ್ಲಿ, ಬಿಟ್ಟುಹೋದ ಆ ಒಬ್ಬ ಭಿಕ್ಖುವನ್ನು ಕರೆತರುವವರೆಗೆ ಬುದ್ಧರು ಊಟ ಆರಂಭಿಸಲಿಲ್ಲ.

ಚೂಳಪಂಥಕನಿಗೆ ಇಂಥದ್ದೇ ಕಾಯಿಲೆ ಇತ್ತು ಎಂದು ನಾನು ಹೇಳುತ್ತಿಲ್ಲ. ಎರಡೂವರೆ ಸಾವಿರ ವರ್ಷದ ಹಿಂದಿನವರಿಗೆ ಈಗ ರೋಗ ಹೆಸರಿಸುವುದು ಸರಿಯಲ್ಲ. ನಮಗೆ ಬೇಕಾದದ್ದು ಗುರುವಿನ ನಡೆ. ಶಿಷ್ಯ ಕಲಿಯದಿದ್ದಾಗ ಅಣ್ಣ ಶಿಷ್ಯನನ್ನೇ ಹೊರಹಾಕಿದ, ಬುದ್ಧರು ಕಲಿಸುವ ವಿಧಾನವನ್ನು ಬದಲಿಸಿದರು.

*ಈ ತೊಂದರೆ ಎಂದರೇನು?*

ಎ.ಡಿ.ಎಚ್.ಡಿ. ಎಂದು ವೈದ್ಯರು ಕರೆಯುವುದು ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆಗೆ. ಕೆಲವು ಮಕ್ಕಳಲ್ಲಿ ಓಡಾಟ, ಚಡಪಡಿಕೆ, ಸರದಿ ಕಾಯಲಾಗದ ಅವಸರ ಎದ್ದು ಕಾಣುತ್ತದೆ. ಇನ್ನು ಕೆಲವರು, ಅದರಲ್ಲೂ ಹುಡುಗಿಯರು, ಸುಮ್ಮನೆ ಕೂತಿರುತ್ತಾರೆ ಆದರೆ ಮನಸ್ಸು ಬೇರೆಲ್ಲೋ ಇರುತ್ತದೆ. ಇಂಥ ಹುಡುಗಿಯರು ಯಾರಿಗೂ ತೊಂದರೆ ಕೊಡುವುದಿಲ್ಲವಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. "ಮಂದ" ಎಂಬ ಒಂದು ಮಾತಿನಲ್ಲಿ ಅವರ ಕಥೆ ಮುಗಿಯುತ್ತದೆ.

ಎಲ್ಲ ಮಕ್ಕಳೂ ಓಡುತ್ತಾರೆ, ಮರೆಯುತ್ತಾರೆ. ಅದು ಕಾಯಿಲೆಯಲ್ಲ. ವೈದ್ಯರು ಈ ಹೆಸರು ಕೊಡಬೇಕಾದರೆ ಲಕ್ಷಣಗಳು 12 ವರ್ಷದೊಳಗೆ ಆರಂಭವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಮಗುವಿನ ಬದುಕಿಗೆ ನಿಜವಾಗಿ ಅಡ್ಡಿಯಾಗುತ್ತಿರಬೇಕು. ಶಾಲೆಯಲ್ಲಿ ಮಾತ್ರ ಚಡಪಡಿಸಿ ಮನೆಯಲ್ಲಿ ಸರಿಯಾಗಿರುವ ಮಗುವಿನ ವಿಷಯದಲ್ಲಿ ಮೊದಲು ಶಾಲೆಯನ್ನೇ ನೋಡಬೇಕು. ಲೋಕದ ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸುಮಾರು ನೂರಕ್ಕೆ 5 ಮಕ್ಕಳಲ್ಲಿ ಈ ತೊಂದರೆ ಕಂಡುಬಂದಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್ಲ ಬಗೆಯ ಮಾನಸಿಕ ತೊಂದರೆಗಳೂ ಸೇರಿ ಶೇ. 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ತೊಂದರೆ ಇತ್ತು. ಅಂದರೆ ಎಂಟಕ್ಕೆ ಒಂದು ಮಗು. ಇದು ಶ್ರೀಮಂತರ ಮಕ್ಕಳ ಕಾಯಿಲೆ, ದೊಡ್ಡ ಊರಿನ ಕಾಯಿಲೆ ಎಂಬ ಮಾತು ಸುಳ್ಳು.

*ಮಿದುಳು ಏನು ಹೇಳುತ್ತದೆ?*

2007ರಲ್ಲಿ ಅಮೆರಿಕದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಈ ತೊಂದರೆಯಿರುವ 223 ಮಕ್ಕಳ ಮಿದುಳಿನ ಚಿತ್ರಗಳನ್ನು, ತೊಂದರೆಯಿಲ್ಲದ ಅಷ್ಟೇ ಮಕ್ಕಳ ಚಿತ್ರಗಳ ಜೊತೆ ಹೋಲಿಸಿದರು. ಮಿದುಳಿನ ಹೊರಪದರ ಬೆಳೆದು ಒಂದು ಹಂತಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಈ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ. ತಡ ಹೆಚ್ಚಾಗಿ ಕಂಡದ್ದು ಹಣೆಯ ಹಿಂದಿನ ಭಾಗದಲ್ಲಿ. ಗಮನ ಹಿಡಿಯುವುದು, ಅವಸರ ತಡೆಯುವುದು, ಮುಂದಿನದನ್ನು ಯೋಚಿಸುವುದು ಆ ಭಾಗದ ಕೆಲಸ. ಬೆಳವಣಿಗೆಯ ದಾರಿ ಬೇರೆಯಾಗಿರಲಿಲ್ಲ, ನಡಿಗೆ ನಿಧಾನವಾಗಿತ್ತು.

ಅವಳಿ ಮಕ್ಕಳ ಅಧ್ಯಯನಗಳು ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ತೋರಿಸಿವೆ. ಒಂದೇ ಜೀನ್ ಕಾರಣವಲ್ಲ, ಸಣ್ಣ ಸಣ್ಣ ಪ್ರಭಾವದ ಅನೇಕ ಜೀನ್‌ಗಳು ಸೇರುತ್ತವೆ. ಅವಧಿಗೆ ಮುನ್ನ ಹುಟ್ಟುವುದು, ಹುಟ್ಟುವಾಗಿನ ಕಡಿಮೆ ತೂಕ, ಸೀಸದ ವಿಷ ಇವುಗಳ ನಂಟೂ ಕಂಡುಬಂದಿದೆ. ಅನೇಕ ಕಾರಣಗಳು ಕೂಡಿ ಒಂದು ಫಲ. ಪಟಿಚ್ಚ ಸಮುಪ್ಪಾದವನ್ನು ಓದಿದ ನಮಗೆ ಇದು ಹೊಸ ಮಾತಲ್ಲ. ತಾಯಿ ಸರಿಯಾಗಿ ಸಾಕಲಿಲ್ಲ, ಮಗುವಿಗೆ ಸೊಕ್ಕು ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

*ಮೊದಲು ಉಳಿದ ಕಾರಣಗಳನ್ನು ನೋಡಿ*

ನಮ್ಮ ಸೀಮೆಗೆ ಈ ಭಾಗ ಬಹಳ ಮುಖ್ಯ. ಗಮನ ನಿಲ್ಲದ ಪ್ರತಿ ಮಗುವಿಗೂ ಎ.ಡಿ.ಎಚ್.ಡಿ. ಇರುವುದಿಲ್ಲ. ಕಿವಿ ಸೋರುವ ಮಗು ಪಾಠ ಕೇಳುವುದಿಲ್ಲ. ಕಣ್ಣು ಮಂಜಾದ ಮಗು ಬೋರ್ಡು ನೋಡುವುದಿಲ್ಲ. ಕೆಲವು ಬಗೆಯ ಮೂರ್ಛೆಯಲ್ಲಿ ಮಗು ಬೀಳುವುದಿಲ್ಲ, ಕೆಲವು ಸೆಕೆಂಡು ದಿಟ್ಟಿಸಿ ನಿಂತುಬಿಡುತ್ತದೆ, ನಾವು "ಕನಸು ಕಾಣ್ತಾನ" ಎನ್ನುತ್ತೇವೆ. ಓದುವುದರಲ್ಲೇ ತೊಡಕಿರುವ ಮಗು ಓದಿನಿಂದ ತಪ್ಪಿಸಿಕೊಳ್ಳಲು ಎದ್ದು ಓಡುತ್ತದೆ. ಕುಡಿದು ಬಂದ ಅಪ್ಪನ ಗಲಾಟೆಯಲ್ಲಿ ರಾತ್ರಿ ಕಳೆದ ಮಗು ಬೆಳಿಗ್ಗೆ ತರಗತಿಯಲ್ಲಿ ಇದ್ದೂ ಇರುವುದಿಲ್ಲ. ಇನ್ನೊಂದು ವಿಷಯ: ವಯಸ್ಸಿಗೆ ಮುಂಚೆ ಶಾಲೆಗೆ ಸೇರಿ, ತರಗತಿಗೆಲ್ಲ ಚಿಕ್ಕವರಾಗಿರುವ ಮಕ್ಕಳಿಗೆ ಈ ಕಾಯಿಲೆಯ ಹೆಸರು ಹೆಚ್ಚಾಗಿ ಅಂಟುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆ ಮಕ್ಕಳಲ್ಲಿ ಅನೇಕರಿಗೆ ಕಡಿಮೆ ಇರುವುದು ವಯಸ್ಸು ಮಾತ್ರ.

ಹಾಗೆಯೇ ರಕ್ತಹೀನತೆ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣಾಂಶ ಕಡಿಮೆಯಾದ ಮಗುವಿಗೆ ದಣಿವು, ಕಿರಿಕಿರಿ, ಗಮನದ ಕೊರತೆ ಸಹಜ. 2021ರ ಡಿಸೆಂಬರ್‌ನಲ್ಲಿ ಸರ್ಕಾರ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಆರಂಭಿಸಿದಾಗ, ಅಪೌಷ್ಟಿಕತೆ ಹೆಚ್ಚಿರುವ ಜಿಲ್ಲೆಗಳೆಂದು ಮೊದಲು ಆರಿಸಿದ ಏಳರಲ್ಲಿ ನಮ್ಮ ರಾಯಚೂರೂ ಒಂದು. ಮಠಾಧೀಶರು ಕೆಲವರು ವಿರೋಧಿಸಿದರು, ಮಕ್ಕಳು ಮೊಟ್ಟೆ ಬೇಕೆಂದರು. ಮೊಟ್ಟೆ ಎ.ಡಿ.ಎಚ್.ಡಿ.ಗೆ ಔಷಧವಲ್ಲ. ಆದರೆ ಹಸಿದ ಮಿದುಳಿಗೆ ಗಮನ ಕೊಡು ಎನ್ನುವುದು ಅನ್ಯಾಯ. ಹಸಿವಿಗೆ ಊಟ ಕೊಡಬೇಕು, ಕಾಯಿಲೆಗೆ ಚಿಕಿತ್ಸೆ ಕೊಡಬೇಕು, ಒಂದರ ಜಾಗದಲ್ಲಿ ಇನ್ನೊಂದನ್ನು ಕೊಡಬಾರದು.

ಎರಡೂ ಒಂದೇ ಮಗುವಿನಲ್ಲಿ ಇರಬಹುದು ಎಂಬುದಕ್ಕೆ ನಾನೇ ಕಂಡ ಒಂದು ಉದಾಹರಣೆ ಕೊಡುತ್ತೇನೆ. ದೇವದುರ್ಗ ಕಡೆಯ ಹುಡುಗ, ಆರನೇ ತರಗತಿ. ತಂದೆ ತಾಯಿ ಬೆಂಗಳೂರಿಗೆ ಗುಳೆ ಹೋಗಿದ್ದರು, ಹುಡುಗ ಅಜ್ಜಿಯ ಮನೆಯಲ್ಲಿದ್ದ. ತರಗತಿಯಲ್ಲಿ ಹತ್ತು ನಿಮಿಷ ಕೂರುತ್ತಿರಲಿಲ್ಲ. ಶಾಲಾ ಆರೋಗ್ಯ ತಪಾಸಣೆಯ ತಂಡ ಬಂದಾಗ ಒಂದು ಕಿವಿ ಸೋರುತ್ತಿರುವುದು, ರಕ್ತ ಕಡಿಮೆ ಇರುವುದು ತಿಳಿಯಿತು. ಎರಡಕ್ಕೂ ಚಿಕಿತ್ಸೆ ಆಯಿತು. ಮೂರು ತಿಂಗಳಲ್ಲಿ ಕರೆದರೆ ತಿರುಗಿ ನೋಡತೊಡಗಿದ, ಮುಖದಲ್ಲಿ ಕಳೆ ಬಂತು. ಆದರೆ ಚಡಪಡಿಕೆ ಪೂರ್ತಿ ಹೋಗಲಿಲ್ಲ. ಅಜ್ಜಿಯೂ ಅದನ್ನೇ ಹೇಳಿದಳು: "ಉಣ್ಣಾಕ ಕುಂತ್ರೂ ಅರ್ಧಕ್ಕ ಎದ್ದು ಹೋಗ್ತಾನಪ್ಪಾ." ಆಮೇಲೆ ಮನೋವೈದ್ಯರು ನೋಡಿ, ಅಜ್ಜಿಯನ್ನೂ ಶಾಲೆಯನ್ನೂ ವಿಚಾರಿಸಿ, ಎ.ಡಿ.ಎಚ್.ಡಿ. ಎಂದರು. ಮಾತ್ರೆ ಶುರುವಾಯಿತು, ತರಗತಿಯಲ್ಲಿ ನಾವೂ ಕೆಲವು ಬದಲಾವಣೆ ಮಾಡಿಕೊಂಡೆವು. ಅವನು ತರಗತಿಗೆ ಮೊದಲಿಗನಾದ ಎಂಬ ಕಥೆ ಇದಲ್ಲ. ಒಂದು ಪುಟ ಬರೆದು ಮುಗಿಸಿ ತಂದು ತೋರಿಸತೊಡಗಿದ. ಶಾಲೆ ಬಿಡಲಿಲ್ಲ. ನಮಗೆ ಅದು ದೊಡ್ಡದು.

*ಚಿಕಿತ್ಸೆಯ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?*

1999ರಲ್ಲಿ ಪ್ರಕಟವಾದ ಎಂ.ಟಿ.ಎ. ಅಧ್ಯಯನ ಈ ಕ್ಷೇತ್ರದಲ್ಲಿ ಬಹಳ ಹೆಸರಾದದ್ದು. 7ರಿಂದ 9 ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿದರು. ಒಂದು ಗುಂಪಿಗೆ ಎಚ್ಚರಿಕೆಯಿಂದ ಅಳತೆ ನೋಡಿ ಕೊಟ್ಟ ಔಷಧ, ಎರಡನೆಯದಕ್ಕೆ ಪಾಲಕರ ತರಬೇತಿ ಮತ್ತು ವರ್ತನೆಯ ಚಿಕಿತ್ಸೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯವರಿಗೆ ಊರಿನ ಮಾಮೂಲಿ ವೈದ್ಯರ ಆರೈಕೆ. ಗಮನ ಮತ್ತು ಚಡಪಡಿಕೆಯ ಲಕ್ಷಣಗಳಲ್ಲಿ ಔಷಧ ಸೇರಿದ ಮೊದಲನೆಯ ಮತ್ತು ಮೂರನೆಯ ಗುಂಪುಗಳು ಹೆಚ್ಚು ಸುಧಾರಿಸಿದವು. ಎರಡೂ ಸೇರಿದ ಗುಂಪಿನಲ್ಲಿ ಕಡಿಮೆ ಔಷಧ ಸಾಕಾಯಿತು, ತಂದೆತಾಯಿ ಮತ್ತು ಮಕ್ಕಳ ಸಂಬಂಧವೂ ಸುಧಾರಿಸಿತು.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ನಾಲ್ಕನೇ ಗುಂಪಿನ ಹೆಚ್ಚಿನ ಮಕ್ಕಳೂ ಔಷಧ ತೆಗೆದುಕೊಳ್ಳುತ್ತಿದ್ದರು, ಆದರೂ ಹಿಂದೆ ಉಳಿದರು. ಅಂದರೆ ಮಾತ್ರೆ ಬರೆದುಕೊಟ್ಟು ಕಳಿಸಿದರೆ ಸಾಲದು, ಮತ್ತೆ ಮತ್ತೆ ಕರೆದು ನೋಡಿ ಅಳತೆ ಸರಿಮಾಡಬೇಕು. ಎರಡನೆಯದು, ಅಧ್ಯಯನದ ಚಿಕಿತ್ಸೆ ನಿಂತ ಮೇಲೆ, ಮೂರನೇ ವರ್ಷಕ್ಕೆ ಗುಂಪುಗಳ ನಡುವಿನ ವ್ಯತ್ಯಾಸ ಅಳಿದುಹೋಗಿತ್ತು. ಒಂದು ವರ್ಷ ನೋಡಿ ಬಿಟ್ಟುಬಿಡುವ ಕೆಲಸ ಇದಲ್ಲ.

ಔಷಧದ ಹೆಸರು ಮೀಥೈಲ್‌ಫೆನಿಡೇಟ್. 2018ರಲ್ಲಿ 133 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ತಜ್ಞರು, ಮಕ್ಕಳಿಗೆ ಅಲ್ಪಾವಧಿಯಲ್ಲಿ ಮೊದಲ ಆಯ್ಕೆ ಇದೇ ಎಂದರು. ಇದು ನಿದ್ದೆ ಬರಿಸಿ ಮಗುವನ್ನು ಸುಮ್ಮನಾಗಿಸುವ ಮಾತ್ರೆಯಲ್ಲ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು ಇದರ ಅಡ್ಡ ಪರಿಣಾಮಗಳು. ಮೊದಲೇ ತೂಕ ಕಡಿಮೆ ಇರುವ ನಮ್ಮ ಮಕ್ಕಳಲ್ಲಿ ತೂಕ, ಎತ್ತರವನ್ನು ಅಳೆಯುತ್ತಲೇ ಇರಬೇಕು. ಮಾತ್ರೆಯಿಂದ ಮುಂದೆ ಚಟ ಹತ್ತುತ್ತದೆ ಎಂಬ ಭಯ ಹಲವರಿಗಿದೆ. ವೈದ್ಯರ ನಿಗಾದಲ್ಲಿ ತೆಗೆದುಕೊಂಡ ಮಕ್ಕಳಲ್ಲಿ ಮುಂದೆ ಮಾದಕ ಚಟ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಕಾನೂನು ಇದನ್ನು ಕಟ್ಟುನಿಟ್ಟಾಗಿ ಇಟ್ಟಿದೆ, ವಿಶೇಷ ಪರವಾನಗಿ ಇರುವ ಅಂಗಡಿಯಲ್ಲಿ ವೈದ್ಯರ ಚೀಟಿಯ ಮೇಲೆ ಮಾತ್ರ ಸಿಗುತ್ತದೆ. ಆದ್ದರಿಂದ ಎಲ್ಲಿ ಸಿಗುತ್ತದೆ, ಮುಗಿಯುವ ಮೊದಲು ಯಾವಾಗ ಬರಬೇಕು ಎಂದು ವೈದ್ಯರನ್ನೇ ಕೇಳಿಕೊಳ್ಳಿ. ಶುರು ಮಾಡುವುದೂ ನಿಲ್ಲಿಸುವುದೂ ಅವರ ಸಲಹೆಯಂತೆ ಆಗಲಿ.

6 ವರ್ಷದೊಳಗಿನ ಮಕ್ಕಳಿಗೆ ಮೊದಲು ಮಾತ್ರೆಯಲ್ಲ, ಪಾಲಕರಿಗೆ ತರಬೇತಿ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ 2019ರ ಮಾರ್ಗಸೂಚಿ.

ಹಾಗಾದರೆ ಉಳಿದದ್ದು? ಓಟ, ಕಬಡ್ಡಿ, ಆಟ ಸ್ವಲ್ಪ ಮಟ್ಟಿಗೆ ಗಮನಕ್ಕೆ ಸಹಾಯ ಮಾಡುತ್ತವೆ. ಮೀನೆಣ್ಣೆಯ ಗುಣ ಬಹಳ ಚಿಕ್ಕದು. ಸಕ್ಕರೆ ತಿಂದರೆ ಮಕ್ಕಳು ಹಾರಾಡುತ್ತಾರೆ ಎಂಬುದನ್ನು 1994ರಲ್ಲಿ ಪರೀಕ್ಷಿಸಿ ನೋಡಿದಾಗ ಅದು ನಿಲ್ಲಲಿಲ್ಲ. ತಲೆಗೆ ತಂತಿ ಜೋಡಿಸಿ ಮಿದುಳಿನ ಅಲೆಗಳನ್ನು ತರಬೇತಿಗೊಳಿಸುವ ದುಬಾರಿ ಚಿಕಿತ್ಸೆಯನ್ನು ಸುಳ್ಳು ಚಿಕಿತ್ಸೆಯ ಜೊತೆ ಹೋಲಿಸಿದಾಗ ವಿಶೇಷ ಗುಣ ಕಾಣಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಮಾರುವ ನೆನಪಿನ ಪುಡಿ, ಬುದ್ಧಿಯ ಟಾನಿಕ್‌ಗಳಿಗೆ ಕೂಲಿಯ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಶೇಂಗಾ, ಹೆಸರುಕಾಳು, ಮೊಟ್ಟೆ ತನ್ನಿ.

ನಮ್ಮ ಧ್ಯಾನದ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಆನಾಪಾನ ಮಕ್ಕಳ ಮನಸ್ಸಿಗೆ ಹಿತ, ಮಾಡಿಸೋಣ. ಆದರೆ ಈ ತೊಂದರೆಗೆ ಧ್ಯಾನವೇ ಸಾಕು ಎನ್ನಲು ಬೇಕಾದ ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ನಮ್ಮದು ಎಂಬ ಕಾರಣಕ್ಕೆ ಒಂದನ್ನು ದೊಡ್ಡದು ಮಾಡಿ ಹೇಳಿದರೆ, ಪರೀಕ್ಷಿಸಿ ಒಪ್ಪು ಎಂದು ಕಾಲಾಮರಿಗೆ ಬೋಧಿಸಿದ ಬುದ್ಧರಿಗೆ ನಾವು ದೂರವಾಗುತ್ತೇವೆ.

*ಹಣೆಬರಹ ಮತ್ತು ಬಾಬಾಸಾಹೇಬರ ಫೋಟೋ*

ಇಂಥ ಮಗುವಿಗೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ.

ಮೊದಲನೆಯದು ಹಳೆಯ ಪೆಟ್ಟು: ಗಾಳಿ ಸೋಕಿದೆ, ಹಿಂದಿನ ಜನ್ಮದ ಕರ್ಮ, ತಾಯತ ಕಟ್ಟಿಸಿ. ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ"ದಲ್ಲಿ ಈ ಪೂರ್ವಜನ್ಮದ ಕರ್ಮದ ಮಾತನ್ನು ಬಿಡಿಸಿ ನೋಡಿದ್ದಾರೆ. ಬಡವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆಯಲ್ಲ ಎಂದು ಜಾರಿಕೊಳ್ಳಲು ಅದು ದಾರಿಯಾಗುತ್ತದೆ ಎಂಬುದು ಅವರ ವಾದದ ತಿರುಳು. ಕರ್ಮ ಎಂದುಬಿಟ್ಟರೆ ಕಿವಿ ನೋಡಬೇಕಾಗಿಲ್ಲ, ರಕ್ತ ಪರೀಕ್ಷಿಸಬೇಕಾಗಿಲ್ಲ, ವೈದ್ಯರನ್ನು ಕೇಳಬೇಕಾಗಿಲ್ಲ.

ಎರಡನೆಯದು ಹೊರಗಿನವರ ಪೆಟ್ಟು: "ಇವರಿಗೆ ಓದು ತಲಿಗೆ ಹತ್ತಂಗಿಲ್ಲ." ಮೇಲ್ಜಾತಿಯ ಮಗು ಓಡಾಡಿದರೆ ಚುರುಕು, ನಮ್ಮ ಮಗು ಓಡಾಡಿದರೆ ಜಾತಿಗುಣ. ಮೂಲೆಯಲ್ಲಿ ಗೋಣಿತಟ್ಟಿನ ಮೇಲೆ ಕೂತು ಓದಿದವರ ಮಕ್ಕಳು ನಾವು, ಈ ಮಾತಿಗೆ ಉತ್ತರ ಕೊಡುವುದು ನಮಗೆ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಅದನ್ನು ತಿಳಿದಿರಿ, ಬೇಕಾದಾಗ ಹೇಳಿ.

ಮೂರನೆಯದು ನಮ್ಮ ಮನೆಯೊಳಗಿನ ಪೆಟ್ಟು. ಅದನ್ನು ನಾವು ಗಮನಿಸುವುದೇ ಇಲ್ಲ. "ಬಾಬಾಸಾಹೇಬರು ದಿನಕ್ಕೆ ಹದಿನೆಂಟು ತಾಸು ಓದಿದರು, ನಿನಗ ಅರ್ಧ ತಾಸು ಕೂಡಾಕ ಆಗಂಗಿಲ್ಲೇನು?" ಎಷ್ಟು ಮನೆಗಳಲ್ಲಿ ಈ ಮಾತು ಕೇಳಿದ್ದೇನೆ! ಮೊರಾರ್ಜಿ, ನವೋದಯ ಪರೀಕ್ಷೆ ಹತ್ತಿರ ಬಂದಾಗ ಇನ್ನೂ ಹೆಚ್ಚು. ಆಡುವವರ ಆಸೆ ದೊಡ್ಡದು, ನೋವೂ ದೊಡ್ಡದು. ನಮಗೆ ಓದು ಬಿಟ್ಟರೆ ಬೇರೆ ಆಸ್ತಿಯಿಲ್ಲ. ಆದರೆ ಮಿದುಳಿನ ತೊಂದರೆಯಿಂದ ಕೂರಲಾಗದ ಮಗುವಿಗೆ ಆ ಮಾತು ಏನು ಹೇಳುತ್ತದೆ? ನೀನು ಬಾಬಾಸಾಹೇಬರಿಗೆ ದ್ರೋಹ ಮಾಡಿದವನು ಎಂದು ಹೇಳುತ್ತದೆ. ಕೊನೆಗೆ ಆ ಮಗು ಗೋಡೆಯ ಮೇಲಿನ ಫೋಟೋ ನೋಡಿದರೆ ಹೆದರತೊಡಗುತ್ತದೆ. ಎಲ್ಲರನ್ನೂ ಶಾಲೆಯ ಒಳಗೆ ಕರೆದವರು ಬಾಬಾಸಾಹೇಬರು. ಅವರ ಹೆಸರನ್ನು ಒಂದು ಮಗುವನ್ನು ಹೊರಹಾಕುವ ಬೆತ್ತ ಮಾಡಬಾರದು. ಮಹಾಪಂಥಕನೂ ತಮ್ಮನ ಒಳಿತನ್ನೇ ಬಯಸಿದ್ದನೇನೋ, ಬಾಗಿಲು ತೋರಿಸಿದ.

*ಎಲ್ಲಿ ಹೋಗಬೇಕು?*

1. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. 2013ರಲ್ಲಿ ಆರಂಭವಾದ ಈ ಕಾರ್ಯಕ್ರಮದ ಪಟ್ಟಿಯಲ್ಲಿ ಕಿವಿ, ಕಣ್ಣು, ರಕ್ತಹೀನತೆಯ ಜೊತೆ ಕಲಿಕೆಯ ತೊಂದರೆ ಮತ್ತು ಎ.ಡಿ.ಎಚ್.ಡಿ. ಕೂಡ ಇವೆ. ತಂಡ ಬರುವ ದಿನ ಮಗುವನ್ನು ಹೊಲಕ್ಕೆ ಕಳಿಸಬೇಡಿ, ಮೆಣಸಿನಕಾಯಿ ಸುಗ್ಗಿಯಾದರೂ ಸರಿ.

2. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮನೋವೈದ್ಯರ ಸೇವೆಯ ಬಗ್ಗೆ ಕೇಳಿ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಆಸ್ಪತ್ರೆಗೆ ತರಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ತೋರಿಸಿಕೊಟ್ಟದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇದು ನಮ್ಮ ಹಕ್ಕು, ಸಂಕೋಚ ಬೇಡ.

3. ಟೆಲಿ ಮಾನಸ್, 14416. ಉಚಿತ ಕರೆ, ಕನ್ನಡದಲ್ಲೇ ಮಾತಾಡಬಹುದು. 2022ರಿಂದ ನಡೆಯುತ್ತಿದೆ.

*ಮನೆಯಲ್ಲಿ, ಶಾಲೆಯಲ್ಲಿ*

- ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. "ಕೈ ತೊಳ್ಕೋ." ಅದು ಆದ ಮೇಲೆ ಮುಂದಿನದು.
- ಸರಿಯಾಗಿ ಮಾಡಿದ ಕೂಡಲೇ, ಏನು ಮಾಡಿದ ಎಂದು ಹೆಸರಿಸಿ ಹೊಗಳಿ. ಸಂಜೆಯವರೆಗೆ ಕಾಯಬೇಡಿ.
- ಲೆಕ್ಕ ಹತ್ತಿದ್ದರೆ ಮೂರು ಮೂರು ಮಾಡಿ ಕೊಡಿ, ನಡುವೆ ಎದ್ದು ಓಡಾಡಲು ಬಿಡಿ.
- ಶಿಕ್ಷಕ ಬಂಧುಗಳೇ, ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಬೋರ್ಡು ಒರೆಸುವುದು, ಹಾಜರಿ ಪುಸ್ತಕ ಒಯ್ಯುವುದು ಅವನ ಕೆಲಸವಾಗಲಿ. ದಿನಕ್ಕೆ ಎರಡು ಮೂರು ಗುರಿ ಬರೆದ ಚೀಟಿ ಮನೆಗೆ ಹೋಗಲಿ, ಸಹಿಯಾಗಿ ಬರಲಿ.
- 6ರಿಂದ 12 ವರ್ಷದ ಮಕ್ಕಳಿಗೆ 9 ತಾಸಾದರೂ ನಿದ್ದೆ ಬೇಕು. ಮಲಗುವ ಮುಂಚೆ ಮೊಬೈಲ್ ದೂರ ಇರಲಿ.
- ಶಾಲೆಯಲ್ಲಿ ಕೊಡುವ ಗುಲಾಬಿ, ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಬಿಸಾಡದಂತೆ ಹೇಳಿ. ಊಟದ ಜೊತೆ ಚಹಾ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.
- ಮನೆ ಹತ್ತಿರ ಹಳೆ ಬ್ಯಾಟರಿ ಒಡೆಯುವ ಕೆಲಸ ನಡೆಯುತ್ತಿದ್ದರೆ ಮಕ್ಕಳನ್ನು ಆ ಕಡೆ ಬಿಡಬೇಡಿ. ಸೀಸ ಮಿದುಳಿಗೆ ವಿಷ.
- ಗುಳೆ ಹೋಗುವ ಮನೆಗಳಲ್ಲಿ ಈ ಮಾತುಗಳನ್ನು ಅಜ್ಜಿ, ಅಜ್ಜನಿಗೆ ಓದಿ ಹೇಳಿ. ಮಗುವನ್ನು ಸಾಕುತ್ತಿರುವವರು ಅವರೇ.

*ಇಂದಿನ ಸಂಕಲ್ಪ*

ಇಂದು ಒಂದು ದಿನ, ನಮ್ಮ ಮನೆಯ ಅಥವಾ ತರಗತಿಯ ಯಾವ ಮಗುವಿಗೂ ಮಂದ, ದಡ್ಡ, ಸೋಮಾರಿ ಎಂಬ ಮಾತು ಆಡುವುದಿಲ್ಲ. ಸಮ್ಮಾ ವಾಚಾ ಎಂದರೆ ಮೊದಲು ಇದೇ. ಆ ಮಾತು ಬಾಯಿಗೆ ಬಂದಾಗ ಅದರ ಬದಲು, "ಇದಕ್ಕೆ ಕಾರಣ ಏನಿರಬಹುದು?" ಎಂದು ಕೇಳಿಕೊಳ್ಳೋಣ.

*ಭಾನುವಾರದ ಚರ್ಚೆಗೆ*

ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಎಷ್ಟಿದ್ದಾರೆ? ಅವರಲ್ಲಿ ಯಾರ ಕಿವಿ, ಕಣ್ಣು, ರಕ್ತ ಯಾರಾದರೂ ಪರೀಕ್ಷಿಸಿದ್ದಾರೆ? ಹೆಸರು ಬರೆಯದೆ ಲೆಕ್ಕ ಮಾತ್ರ ತನ್ನಿ. ತಪಾಸಣಾ ತಂಡವನ್ನು ಯಾವ ಓಣಿಗೆ ಮೊದಲು ಕರೆಸಬೇಕೆಂದು ಕೂಡಿ ತೀರ್ಮಾನಿಸೋಣ.

ಎಲ್ಲ ಮಕ್ಕಳೂ ಆರೋಗ್ಯವಾಗಿರಲಿ, ಎಲ್ಲರೂ ಒಳಗೆ ಬರಲಿ.

ನಮೋ ಬುದ್ಧಾಯ. ಜೈ ಭೀಮ್.